ಹೆಸರು ಹೇಳಿ ಹೋದವರು

ಚೆನ್ನೈನ ಹಳೆಯ ಜಾರ್ಜ್ ಟೌನ್‌ನಲ್ಲಿ ಒಂದು ಬೀದಿ ಇದೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಅರ್ಮೇನಿಯನ್ ಸ್ಟ್ರೀಟ್’. ತಮಿಳಿನಲ್ಲಿ ‘ಅರಣ್ಮನೈಕ್ಕಾರನ್ ತೆರು’. ಅರಣ್ಮನೈ ಎಂದರೆ ನಮ್ಮ ಅರಮನೆ. ತೆರು ಎಂದರೆ ಬೀದಿ. ಅಂದರೆ ಅರಮನೆಯವನ ಬೀದಿ! ರಾಜನಿಗೂ ಈ ಹೆಸರಿಗೂ ಸಂಬಂಧವಿಲ್ಲ. ‘ಅರ್ಮೇನಿಯನ್’ ಎಂಬ ಪದ ನಾಲಿಗೆಯ ಮೇಲೆ ಹೊರಳದೆ ಜನ ಅದನ್ನು ತಮಗೆ ಗೊತ್ತಿದ್ದ ಪದವಾಗಿ ಮಾಡಿಕೊಂಡರು, ಅಷ್ಟೆ.

ಊರು ಕೇರಿಗಳ ಹೆಸರು ಹೀಗೆಯೇ ನಮ್ಮನ್ನು ದಾರಿ ತಪ್ಪಿಸುತ್ತವೆ. ನಮ್ಮ ಆನೇಕಲ್ಲನ್ನೇ ನೋಡಿ. ಮಕ್ಕಳನ್ನು ಕೇಳಿದರೆ ‘ಆನೆಯಂಥ ಕಲ್ಲು ಇದ್ದ ಊರು’ ಎನ್ನುತ್ತಾರೆ. ಹಳೆಯ ಕನ್ನಡ ನಿಘಂಟು ತೆರೆದರೆ ಆನೆಕಲ್ಲು ಎಂದರೆ ಆಲಿಕಲ್ಲು ಎಂದಿರುತ್ತದೆ, ಮಳೆಯ ಜೊತೆ ಬೀಳುವ ಮಂಜಿನ ಹರಳು. ಹೆಸರಿನ ಹಿಂದೆ ಹೋದರೆ ಏನಾದರೂ ಸಿಗುತ್ತದೆ ಎಂಬ ಆಸೆಯಿಂದಲೇ ನಾನು ಮೂವತ್ತು ವರ್ಷ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದೆ. ಈಗ ನಿವೃತ್ತನಾಗಿ ಮೊಮ್ಮಗಳಿಗೆ ಪಾಠ ಹೇಳುತ್ತಿದ್ದೇನೆ.

ಅವಳದು ಏಳನೇ ತರಗತಿ. ಅವಳ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಒಡಿಯಾ ಎಲ್ಲ ಮಾತಾಡುವ ಮಕ್ಕಳಿದ್ದಾರೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರ ಮಕ್ಕಳು. ಶಾಲೆಯಲ್ಲಿ ‘ನಮ್ಮ ಮನೆತನ’ ಎಂದು ಒಂದು ಪುಟ ಬರೆಯಲು ಹೇಳಿದರಂತೆ. ಅವಳ ಪಕ್ಕ ಕೂರುವ ಹುಡುಗಿ ಹಾಳೆಯನ್ನು ಖಾಲಿ ಬಿಟ್ಟಳಂತೆ. ‘ನಮ್ಮ ಊರಲ್ಲಿ ಮನೇನೇ ಇಲ್ಲ, ಎಲ್ಲ ಮಾರಿಬಿಟ್ಟು ಬಂದ್ವಿ. ಏನು ಬರೀಲಿ?’ ಎಂದಳಂತೆ.

“ತಾತ, ಊರು ಬಿಟ್ಟು ಬಂದವರ ಕಥೆ ಎಲ್ಲಿ ಸಿಗುತ್ತೆ?” ಎಂದು ಮೊಮ್ಮಗಳು ನನ್ನನ್ನು ಕೇಳಿದಳು.

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನನಗೆ ನೆನಪಾದವರು ಆ ಅರಮನೆಕಾರರ ಬೀದಿಯ ಅರ್ಮೇನಿಯನ್ನರು. ಊರು ಬಿಟ್ಟು ಜಗತ್ತಿನ ತುಂಬ ಹರಡಿದವರು ಅವರು. ಅವರ ಕಥೆಯನ್ನು ಸಂಶೋಧಕರು ಎಲ್ಲೆಲ್ಲಿಂದ ಹೆಕ್ಕಿ ತೆಗೆದಿದ್ದಾರೆ ಗೊತ್ತೆ? ಒಂದು ತುಣುಕು ಲಂಡನ್ನಿನಲ್ಲಿ, ಒಂದು ಲಿಸ್ಬನ್ನಿನಲ್ಲಿ, ಒಂದು ಚೆನ್ನೈನಲ್ಲಿ, ಇನ್ನೊಂದು ನಮ್ಮ ಮೈಸೂರಿನಲ್ಲಿ ಸಿಕ್ಕಿದೆ!

ಮೂವತ್ತಾರು ಅಕ್ಷರದ ನಾಡು

ಅಟ್ಲಾಸಿನಲ್ಲಿ ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಬೆರಳಿಟ್ಟು ಹುಡುಕಿ. ಅರ್ಮೇನಿಯಾ ಎಂಬ ಪುಟ್ಟ ದೇಶ ಸಿಗುತ್ತದೆ. ರಾಜಧಾನಿ ಯೆರೆವಾನ್. ಅಲ್ಲಿನವರಿಗೆ ಅರಾರತ್ ಪರ್ವತವೆಂದರೆ ಪ್ರಾಣ. ಆದರೆ ಆ ಪರ್ವತ ಇರುವುದು ಇಂದಿನ ಟರ್ಕಿಯಲ್ಲಿ. ಯೆರೆವಾನಿನಿಂದ ಅದನ್ನು ಕಣ್ತುಂಬ ನೋಡಬಹುದು. ಆದರೆ ನಡುವೆ ಗಡಿ ಇದೆ.

ನೆಲ ಕೈತಪ್ಪುತ್ತಾ ಬಂದರೂ ಅರ್ಮೇನಿಯನ್ನರು ಬಿಡದೆ ಹಿಡಿದುಕೊಂಡದ್ದು ತಮ್ಮ ಅಕ್ಷರವನ್ನು. ಕ್ರಿ.ಶ. 405ರ ಹೊತ್ತಿಗೆ ಮೆಸ್ರೋಪ್ ಮಶ್ತೋತ್ಸ್ ಎಂಬ ಸನ್ಯಾಸಿ ಅವರ ಭಾಷೆಗೆಂದೇ 36 ಅಕ್ಷರಗಳನ್ನು ರೂಪಿಸಿದ. ನಮ್ಮ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಹೆಚ್ಚು ಕಡಿಮೆ ಒಂದೇ ಶತಮಾನ. ಅಲ್ಲಿ ಅವರು ಚರ್ಮದ ಹಾಳೆಯ ಮೇಲೆ, ಇಲ್ಲಿ ನಾವು ಕಲ್ಲಿನ ಮೇಲೆ ಬರೆಯುತ್ತಿದ್ದೆವು.

ಅವರ ಮನೆತನದ ಹೆಸರುಗಳಲ್ಲಿ ಒಂದು ಗುಟ್ಟಿದೆ. ಹೆಚ್ಚಿನವು ‘ಯಾನ್’ ಎಂದು ಮುಗಿಯುತ್ತವೆ. ಶಾಹಾಮಿರಿಯಾನ್ ಎಂದರೆ ಶಾಹಾಮಿರ್ ವಂಶದವನು. ಅಸ್ಲಾನಿಯಾನ್ ಎಂದರೆ ಅಸ್ಲಾನನ ವಂಶದವನು. ನಾವು ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ ಇಟ್ಟುಕೊಳ್ಳುವುದಿಲ್ಲವೆ? ಅವರು ಹೆಸರಿನ ಹಿಂದೆ ಇಟ್ಟುಕೊಂಡರು. ಮುಂದೆ ಈ ಲೇಖನದಲ್ಲಿ ‘ಯಾನ್’ ಬಂದಾಗಲೆಲ್ಲ ಬೆರಳು ಮಡಿಚಿ ಎಣಿಸಿ ನೋಡಿ.

ರೇಷ್ಮೆಯ ದಾರಿಯಲ್ಲಿ ಬಂದವರು

ಆನೇಕಲ್ಲಿನ ಕೆಲವು ಬೀದಿಗಳಲ್ಲಿ ಇಂದಿಗೂ ರೇಷ್ಮೆ ಸೀರೆಯ ಮಗ್ಗಗಳ ಸದ್ದು ಕೇಳುತ್ತದೆ. ಅರ್ಮೇನಿಯನ್ನರನ್ನು ಭಾರತದವರೆಗೆ ತಂದದ್ದರಲ್ಲಿ ರೇಷ್ಮೆಗೂ ದೊಡ್ಡ ಪಾಲಿದೆ.

ಅರಾಸ್ ನದಿಯ ದಡದಲ್ಲಿ ಜುಲ್ಫಾ ಎಂಬ ವ್ಯಾಪಾರಿಗಳ ಊರಿತ್ತು. 1604ರಲ್ಲಿ ಇರಾನಿನ ದೊರೆ ಷಾ ಅಬ್ಬಾಸ್ ಯುದ್ಧದ ನಡುವೆ ಆ ಊರನ್ನೇ ಖಾಲಿ ಮಾಡಿಸಿದ. ಜನರನ್ನು ದೂರದ ಇಸ್ಫಹಾನ್ ನಗರದ ಕಡೆಗೆ ನಡೆಸಿದ. ಬದುಕಿ ಅಲ್ಲಿಗೆ ಸೇರಿದವರು ಹೊಸ ಕೇರಿ ಕಟ್ಟಿಕೊಂಡರು. ಅದಕ್ಕೆ ಇಟ್ಟ ಹೆಸರು ‘ಹೊಸ ಜುಲ್ಫಾ’. ಊರು ಹೋಯಿತು, ಹೆಸರನ್ನು ಮಾತ್ರ ಹೊತ್ತು ತಂದರು.

ಹೊಸ ಜುಲ್ಫಾದವರು ಇರಾನಿನ ಕಚ್ಚಾ ರೇಷ್ಮೆಯ ವ್ಯಾಪಾರದಲ್ಲಿ ಮೇಲುಗೈ ಸಾಧಿಸಿದರು. ಪಶ್ಚಿಮದಲ್ಲಿ ಇಟಲಿಯವರೆಗೆ, ಪೂರ್ವದಲ್ಲಿ ಸೂರತ್, ಆಗ್ರಾ, ಬಂಗಾಳ, ಮದರಾಸಿನವರೆಗೆ ಅವರ ಗುಮಾಸ್ತರು ಓಡಾಡಿದರು. ದುಡ್ಡು ಹೂಡುವವನು ಧಣಿ, ಊರೂರು ತಿರುಗುವವನು ಗುಮಾಸ್ತ. ವರ್ಷಗಟ್ಟಲೆ ತಿರುಗಿ ಹಿಂದಿರುಗಿದಾಗ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು.

ಅಂಥ ಒಬ್ಬ ಗುಮಾಸ್ತನ ಹೆಸರು ಹೊವ್‌ಹಾನ್ನೆಸ್. 1682ರಲ್ಲಿ ಹೊರಟವನು ಸೂರತ್, ಆಗ್ರಾ, ಪಟ್ನಾ, ನೇಪಾಳ ದಾಟಿ ಟಿಬೆಟ್ಟಿನ ಲ್ಹಾಸಾ ಮುಟ್ಟಿದ. ಅಲ್ಲೇ ಸುಮಾರು ಐದು ವರ್ಷ ಇದ್ದ. ಕಸ್ತೂರಿ ಕೊಂಡದ್ದು, ಬಟ್ಟೆ ಮಾರಿದ್ದು, ದಾರಿಖರ್ಚು, ಸುಂಕ ಎಲ್ಲವನ್ನೂ 1693ರವರೆಗೆ ತನ್ನ ಪುಸ್ತಕದಲ್ಲಿ ಬರೆದ. ಆ ಪುಸ್ತಕ ಹೇಗೋ ಪೋರ್ಚುಗಲ್ಲಿನ ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯ ಸೇರಿತ್ತು. ಲೆವೊನ್ ಖಾಚಿಕಿಯಾನ್ ಎಂಬ ಅರ್ಮೇನಿಯದ ವಿದ್ವಾಂಸರು ಅದನ್ನು ಓದಿ ಜಗತ್ತಿಗೆ ತೋರಿಸಿದರು. ಮುನ್ನೂರು ವರ್ಷದ ಹಿಂದೆ ಲ್ಹಾಸಾದಲ್ಲಿ ಯಾವ ಸರಕಿಗೆ ಏನು ಬೆಲೆ, ಯಾವ ತೂಕ, ಯಾವ ನಾಣ್ಯ ಎಂಬುದು ಒಬ್ಬ ಗುಮಾಸ್ತನ ಲೆಕ್ಕದಿಂದ ತಿಳಿಯಿತು.

ಅಜ್ಜ ಅಜ್ಜಿಯರಿಗೆ ‘ಕಡತ’ ನೆನಪಿರಬಹುದು. ಈಗ ಕಡತ ಎಂದರೆ ಕಚೇರಿಯ ಫೈಲು. ಹಿಂದೆ ನಮ್ಮ ನಾಡಿನ ವ್ಯಾಪಾರಿಗಳು ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಹೊವ್‌ಹಾನ್ನೆಸನ ಪುಸ್ತಕವೂ ಅಂಥ ಒಂದು ಕಡತವೇ ಸರಿ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಹಳೆಯ ಮಗ್ಗದ ಮನೆಯೊಂದನ್ನು ಕೆಡವಿದರು. ಗುಜರಿಗೆ ಹೋಗಲು ಕಟ್ಟಿಟ್ಟಿದ್ದ ಗಂಟಿನಲ್ಲಿ ಲೆಕ್ಕದ ಪುಸ್ತಕಗಳು ಕಂಡವು. ಕೇಳಿದ್ದಕ್ಕೆ ಮನೆಯ ಯಜಮಾನರು ನಕ್ಕರು. “ಮೇಷ್ಟ್ರೇ, ಬರೀ ಕೂಲಿ ಲೆಕ್ಕ ಅದು. ಅದ್ರಲ್ಲಿ ಓದೋಕೇನಿದೆ?” ಎಂದರು. ಒಂದನ್ನು ಬಿಡಿಸಿ ಅವರ ಎದುರೇ ಓದಿದೆ. ‘ಕರಗಕ್ಕೆ ಎರಡು ದಿನ ಮಗ್ಗ ನಿಲುಗಡೆ’ ಎಂದು ಒಂದು ಕಡೆ ಇತ್ತು. ‘ಮಗಳ ಮದುವೆಗೆ ಮುಂಗಡ’ ಎಂದು ಇನ್ನೊಂದು ಕಡೆ. ಯಾರ ಮಗಳು ಎಂದು ಹೆಸರೂ ಇತ್ತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಮ್ಮ ಅತ್ತೆ” ಎಂದರು. ಗಂಟು ಗುಜರಿಗೆ ಹೋಗಲಿಲ್ಲ.

ತಲುಪದ ಕಾಗದಗಳು

ಲಂಡನ್ನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 1748ರಲ್ಲಿ ‘ಸಾಂತಾ ಕತರೀನಾ’ ಎಂಬ ಹಡಗನ್ನು ಬ್ರಿಟಿಷ್ ನೌಕಾಪಡೆ ಹಿಡಿಯಿತು. ಅದರಲ್ಲಿ ಅರ್ಮೇನಿಯನ್ ವ್ಯಾಪಾರಿಗಳ ಸರಕಿತ್ತು. ಇದು ಶತ್ರು ದೇಶದ ಸೊತ್ತೋ ಅಲ್ಲವೋ ಎಂಬ ವ್ಯಾಜ್ಯ ಲಂಡನ್ನಿನ ನ್ಯಾಯಾಲಯದವರೆಗೆ ಹೋಯಿತು. ಹಡಗಿನಲ್ಲಿದ್ದ ಅಂಚೆಯ ಕಾಗದಗಳೆಲ್ಲ ಸಾಕ್ಷಿಯೆಂದು ಅಲ್ಲೇ ಉಳಿದುಬಿಟ್ಟವು. ಬರೆದವರು ಸತ್ತರು, ಕಾದವರೂ ಸತ್ತರು. ಕಾಗದ ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಇತಿಹಾಸ ಕಲಿಸುವ ಸೆಬೂಹ್ ಅಸ್ಲಾನಿಯಾನ್ ಈ ಪತ್ರಗಳನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪತ್ತೆ ಹಚ್ಚಿದರು. ಸಾವಿರಕ್ಕೂ ಹೆಚ್ಚು ಕಾಗದಪತ್ರಗಳು. ಹೊಸ ಜುಲ್ಫಾದ ವ್ಯಾಪಾರಿಗಳ ಆಡುಮಾತು ಅವುಗಳಲ್ಲಿತ್ತು. ಅರ್ಮೇನಿಯನ್ ಬಲ್ಲವರಿಗೂ ಅದು ಸುಲಭವಾಗಿ ಅರ್ಥವಾಗದು. ಅದನ್ನು ಓದಲು ಕಲಿತು, ಯಾರು ಯಾರನ್ನು ನಂಬಿ ದುಡ್ಡು ಕೊಡುತ್ತಿದ್ದರು, ಸುದ್ದಿ ಹೇಗೆ ಕಡಲು ದಾಟುತ್ತಿತ್ತು ಎಂಬುದನ್ನೆಲ್ಲ ಬಿಡಿಸಿ 2011ರಲ್ಲಿ ಅವರು ದೊಡ್ಡ ಪುಸ್ತಕ ಬರೆದರು. ಮಕ್ಕಳೇ, ಸಂಶೋಧನೆ ಎಂದರೆ ಬಹುಪಾಲು ಇದೇ ಕೆಲಸ. ದೂಳು ಕೊಡವಿ ಕೂತು, ಬೇರೆಯವರ ಕೈಬರಹವನ್ನು ತಾಳ್ಮೆಯಿಂದ ಓದುವುದು.

ಮದರಾಸಿನ ಮೊದಲ ಪತ್ರಿಕೆ

ಈಗ ನಮ್ಮ ಹೊಸೂರು ರಸ್ತೆಯನ್ನೇ ಹಿಡಿದು, ಕೃಷ್ಣಗಿರಿ, ವೆಲ್ಲೂರು ದಾಟಿ ಚೆನ್ನೈಗೆ ಹೋಗೋಣ. ಅರ್ಮೇನಿಯನ್ ಬೀದಿಯಲ್ಲಿ ಅವರ ಇಗರ್ಜಿ ಇದೆ. 1712ರಲ್ಲಿ ಕಟ್ಟಿ 1772ರಲ್ಲಿ ಮತ್ತೆ ಕಟ್ಟಿದ್ದು. ಗೋಪುರದಲ್ಲಿ ಆರು ದೊಡ್ಡ ಗಂಟೆಗಳಿವೆ. ಅಂಗಳದಲ್ಲಿ ಕಾಲಿಟ್ಟ ಕಡೆಯೆಲ್ಲ ಸಮಾಧಿಯ ಕಲ್ಲು, ಅದರ ಮೇಲೆ ಆ ಹಳೆಯ ಅಕ್ಷರ.

ಅಲ್ಲಿನ ಒಂದು ಸಮಾಧಿ ಹರುತ್ಯುನ್ ಶ್ಮಾವೊನಿಯಾನ್ ಎಂಬ ಪಾದ್ರಿಯದು. ಇರಾನಿನ ಶಿರಾಜ್‌ನಿಂದ ಬಂದವರು. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ನೋವು ಅವರಿಗಿತ್ತು. ಅವರು ಮದರಾಸಿನಲ್ಲಿ ಅಚ್ಚುಕೂಟ ಇಟ್ಟು, 1794ರ ಅಕ್ಟೋಬರ್ 16ರಂದು ‘ಅಜ್ದರಾರ್’ ಎಂಬ ಮಾಸಪತ್ರಿಕೆ ಹೊರಡಿಸಿದರು. ಸುದ್ದಿ ತರುವವನು ಎಂದು ಅದರ ಅರ್ಥ. ಇಡೀ ಜಗತ್ತಿನಲ್ಲೇ ಅರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅದು! 1796ರವರೆಗೆ 18 ಸಂಚಿಕೆಗಳು ಬಂದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಕನ್ನಡ ಮಾತಾಡುವ ನೆಲದಲ್ಲೇ. ಅರ್ಮೇನಿಯನ್ನರ ಮೊದಲ ಪತ್ರಿಕೆ ಹೊರಟದ್ದು ತಾಯ್ನೆಲದಿಂದ ಸಾವಿರಾರು ಕಿಲೊಮೀಟರ್ ದೂರದಲ್ಲಿ.

ಅದೇ ಊರಿನ ಇನ್ನೊಬ್ಬ ವ್ಯಾಪಾರಿ ಶಾಹಾಮಿರ್ ಶಾಹಾಮಿರಿಯಾನ್. ಆಗ ಅರ್ಮೇನಿಯನ್ನರಿಗೆ ಸ್ವಂತ ದೇಶವಿರಲಿಲ್ಲ. ಆದರೂ ಮುಂದೆ ಎಂದಾದರೂ ದೇಶ ಸಿಕ್ಕಿದರೆ ಇರಲಿ ಎಂದು ಅದಕ್ಕೊಂದು ಸಂವಿಧಾನವೇ ಮದರಾಸಿನಲ್ಲಿ ಅಚ್ಚಾಯಿತು! 521 ವಿಧಿಗಳು. 1950ರಲ್ಲಿ ಜಾರಿಗೆ ಬಂದಾಗ ನಮ್ಮ ಸಂವಿಧಾನದಲ್ಲಿ ಇದ್ದದ್ದು 395. ಪುಸ್ತಕದ ಮುಖಪುಟದಲ್ಲಿ 1773 ಎಂದಿದ್ದರೂ ಅಚ್ಚಾದದ್ದು 1780ರ ದಶಕದ ಕೊನೆಗೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅರ್ಮೇನಿಯಾ ಗಣರಾಜ್ಯವಾದದ್ದು 1918ರಲ್ಲಿ. ಅದು ಉಳಿಯದೆ, ಸೋವಿಯತ್ ಒಕ್ಕೂಟದಿಂದ ಹೊರಬಂದು ಸ್ವತಂತ್ರವಾದದ್ದು 1991ರಲ್ಲಿ. ಇಲ್ಲದ ದೇಶಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಕಾನೂನು ಬರೆದಿಟ್ಟರು ನೋಡಿ.

ಇಬ್ಬರು ಹೆಂಗಸರು, ಒಂದು ಪುಸ್ತಕ

ಈ ನಡುವೆ ನಡೆದ ಒಂದು ಘೋರ ಸಂಗತಿಯನ್ನು ಮಕ್ಕಳಿಗೂ ಹೇಳಲೇಬೇಕು. 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಒಟ್ಟೋಮನ್ ತುರ್ಕಿ ಸಾಮ್ರಾಜ್ಯದಲ್ಲಿ ಲಕ್ಷಾಂತರ ಅರ್ಮೇನಿಯನ್ನರನ್ನು ಕೊಂದರು. ಉಳಿದವರನ್ನು ಮನೆಮಠ ಬಿಡಿಸಿ ಮರುಭೂಮಿಯ ಕಡೆಗೆ ಅಟ್ಟಿದರು.

ಮುಶ್ ಎಂಬ ಊರಿನ ಬಳಿಯ ಮಠದಲ್ಲಿ 1200ರ ಹೊತ್ತಿಗೆ ಚರ್ಮದ ಹಾಳೆಯ ಮೇಲೆ ಬರೆದ ಒಂದು ಪುಸ್ತಕವಿತ್ತು. ತೂಕ ಸುಮಾರು 28 ಕಿಲೊ. ಒಂದು ಮೂಟೆ ಅಕ್ಕಿಯಷ್ಟು! ಜೀವ ಉಳಿಸಿಕೊಳ್ಳಲು ಓಡುತ್ತಿದ್ದ ಇಬ್ಬರು ಹೆಂಗಸರು ಅದನ್ನು ಬಿಟ್ಟು ಹೋಗಲಿಲ್ಲ. ಒಬ್ಬರಿಗೆ ಹೊರಲಾಗದ ಭಾರ. ಎರಡು ಭಾಗ ಮಾಡಿ ಹೊತ್ತರು. ಒಂದು ಭಾಗ ಎಚ್ಮಿಯಾಡ್ಜಿನ್ ಮಠ ಸೇರಿತು. ಎರ್ಜುರುಮ್ ಊರಿನ ಇಗರ್ಜಿಯ ಅಂಗಳದಲ್ಲಿ ಹೂತಿಟ್ಟ ಇನ್ನೊಂದು ಭಾಗ ಆಮೇಲೆ ಸಿಕ್ಕಿತು. ಈಗ ಎರಡೂ ಯೆರೆವಾನಿನ ‘ಮಾತೆನದರಾನ್’ ಎಂಬ ಹಸ್ತಪ್ರತಿ ಭಂಡಾರದಲ್ಲಿ ಒಟ್ಟಿಗಿವೆ.

ಅರ್ಮೇನಿಯನ್ ಹಸ್ತಪ್ರತಿಗಳ ಕೊನೆಯಲ್ಲಿ ಬರೆದವನ ಒಂದು ಟಿಪ್ಪಣಿ ಇರುತ್ತದೆ. ಎಲ್ಲಿ, ಯಾವ ವರ್ಷ, ಯಾರ ಕಾಲದಲ್ಲಿ ಬರೆದೆ, ತಂದೆತಾಯಿ ಯಾರು, ಆಗ ಊರಿನಲ್ಲಿ ಏನಾಗಿತ್ತು ಎಂದೆಲ್ಲ. ನಮ್ಮ ಓಲೆಗರಿಯ ಕಟ್ಟುಗಳ ಕೊನೆಯಲ್ಲೂ ಲಿಪಿಕಾರನ ಹೆಸರು, ಸಂವತ್ಸರ, ತಿಥಿ ಇರುವುದುಂಟು. ಇತಿಹಾಸಕಾರರಿಗೆ ಎಷ್ಟೋ ಸಲ ಪುಸ್ತಕಕ್ಕಿಂತ ಆ ನಾಲ್ಕು ಸಾಲೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಮೈಸೂರಿನಲ್ಲಿ ಸಿಕ್ಕ ಹೆಸರು

ಇನ್ನು ನಮ್ಮ ನಾಡಿನ ತುಣುಕು. ಗ್ರಾಮಫೋನ್ ಪ್ಲೇಟು ಕೇಳಿದ ಅಜ್ಜ ಅಜ್ಜಿಯರಿಗೆ ಗೌಹರ್ ಜಾನ್ ಹೆಸರು ಕಿವಿಗೆ ಬಿದ್ದಿರಬಹುದು. ಹುಟ್ಟಿದ್ದು 1873ರಲ್ಲಿ, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಹುಟ್ಟುಹೆಸರು ಏಂಜೆಲಿನಾ. ತಂದೆ ಅರ್ಮೇನಿಯನ್ ಮೂಲದ ಎಂಜಿನಿಯರ್. ತಂದೆತಾಯಿ ಬೇರೆಯಾದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಹೋದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮಕ್ಕೆ ಸೇರಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್. ಆಮೇಲೆ ಕಲ್ಕತ್ತೆಗೆ ಹೋಗಿ ನೆಲೆಸಿದರು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಶುರು ಮಾಡಿದಾಗ ಹಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಒಂದು ಪ್ಲೇಟಿಗೆ ಮೂರು ನಿಮಿಷದಷ್ಟೇ ಜಾಗ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಹಿಡಿದಿಟ್ಟು, ಕೊನೆಗೆ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಹಾಡು ಯಾರದು ಎಂದು ಅಲ್ಲಿನವರಿಗೆ ಗೊತ್ತಾಗಬೇಕಲ್ಲ! ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಣ ಅವರವು. ಕೃಷ್ಣನ ಹಾಡುಗಳನ್ನೂ ಹಾಡಿದರು.

ಕೊನೆಗಾಲದಲ್ಲಿ ಕೈಯಲ್ಲಿದ್ದದ್ದು ಕರಗಿತ್ತು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಗೌಹರ್ ಜಾನ್ ಮೈಸೂರಿನಲ್ಲೇ ತೀರಿಕೊಂಡರು. ಜನ ನಿಧಾನವಾಗಿ ಮರೆತರು.

ಎಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಬೆಂಗಳೂರಿನ ವಿಕ್ರಮ್ ಸಂಪತ್ ಮೈಸೂರು ಒಡೆಯರ ಇತಿಹಾಸಕ್ಕಾಗಿ ಅರಮನೆಯ ಹಳೆಯ ಕಾಗದಪತ್ರ ಓದುತ್ತಿದ್ದಾಗ ಗೌಹರ್ ಜಾನರ ಪತ್ರಗಳು ಕಣ್ಣಿಗೆ ಬಿದ್ದವು. ಅಲ್ಲಿಂದ ಹೊರಟು ಊರೂರು ಹುಡುಕಿ ಅವರು ಬರೆದ ಜೀವನಚರಿತ್ರೆ 2010ರಲ್ಲಿ ಬಂತು. ಪುಸ್ತಕದ ಹೆಸರು ಬೇರೇನಲ್ಲ, ಗೌಹರ್ ಜಾನ್ ಪ್ಲೇಟಿನ ಕೊನೆಗೆ ಹೇಳುತ್ತಿದ್ದ ಅದೇ ಮಾತು.

ಅವರನ್ನು ಯಾರೆಂದು ಕರೆಯೋಣ? ಅರ್ಮೇನಿಯನ್ ಎನ್ನೋಣವೆ, ಬನಾರಸಿನವರು ಎನ್ನೋಣವೆ, ಕಲ್ಕತ್ತೆಯವರೆ, ಮೈಸೂರಿನವರೆ? ಮೊಮ್ಮಗಳಿಗೆ ಕೇಳಿದೆ. “ಎಲ್ಲಾನೂ ಬರೀಬಹುದಲ್ಲ ತಾತ, ಜಾಗ ಇದೆ” ಎಂದಳು.

ನಮ್ಮ ಟ್ರಂಕಿನಲ್ಲೇನಿದೆ?

ಆನೇಕಲ್ ತಾಲ್ಲೂಕಿನ ಶಾಸನಗಳನ್ನು 1905ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ ಅಚ್ಚು ಮಾಡಿದ್ದಾರೆ. ಅದರಲ್ಲಿ ಕನ್ನಡದ ಜೊತೆಗೆ ತಮಿಳು ಶಾಸನಗಳೂ ಇವೆ. ಈ ನೆಲಕ್ಕೆ ಜನ ಬರುವುದು, ನೆಲೆಸುವುದು, ಹೆಸರು ಕೆತ್ತಿಸುವುದು ಹೊಸದಲ್ಲ. ಆದರೆ ಎಲ್ಲರಿಗೂ ಕಲ್ಲು ಕೆತ್ತಿಸಲಾಗುವುದಿಲ್ಲ. ಹೆಚ್ಚಿನವರ ಕಥೆ ಇರುವುದು ಟ್ರಂಕಿನಲ್ಲಿ, ಬೀರುವಿನ ತಳದಲ್ಲಿ, ಅಜ್ಜಿಯ ಬಾಯಲ್ಲಿ.

ಆದ್ದರಿಂದ ಮಕ್ಕಳೇ, ಈ ರಜೆಯಲ್ಲಿ ಮೂರು ಕೆಲಸ ಮಾಡಿ. ಮನೆಯಲ್ಲಿರುವ ಹಳೆಯ ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ, ಬೇಡ. ಹಳೆಯ ಕಾಗದ, ಕಾರ್ಖಾನೆಯ ಗುರುತಿನ ಚೀಟಿ, ರೇಷನ್ ಕಾರ್ಡು, ಲಗ್ನಪತ್ರಿಕೆ ಯಾವುದನ್ನೂ ಲ್ಯಾಮಿನೇಟ್ ಮಾಡಿಸದೆ ಒಣಗಿದ ಜಾಗದಲ್ಲಿ ಇಡಿ. ಅಜ್ಜ ಅಜ್ಜಿಯನ್ನು ಕೂರಿಸಿ, ಅವರ ಅಜ್ಜಿಯ ಹೆಸರೇನು, ಆ ಊರಿನಿಂದ ಯಾವ ದಾರಿಯಲ್ಲಿ ಬಂದರು, ಬರುವಾಗ ಏನು ತಂದರು ಎಂದು ಕೇಳಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ.

ಅಜ್ಜ ಅಜ್ಜಿಯರೇ, ‘ನಮ್ಮದೇನು ಮಹಾ ಕಥೆ’ ಎಂದು ಹೇಳಿ ಮೊಮ್ಮಕ್ಕಳನ್ನು ಎಬ್ಬಿಸಬೇಡಿ. ಮುದ್ರಿಸುವ ಮೊದಲು ಗೌಹರ್ ಜಾನರಂತೆ ಗಟ್ಟಿಯಾಗಿ ನಿಮ್ಮ ಹೆಸರು ಹೇಳಿ. ಊರನ್ನೂ ಇಸವಿಯನ್ನೂ ಹೇಳಿ. ಆಮೇಲೆ ಕಥೆ ಶುರು ಮಾಡಿ.